ಗೊಂಬೆ ಪ್ರಯೋಗದ ಉತ್ತರದ ಅಂಕಿಗಳು: ಒಂದು ಟಿಪ್ಪಣಿ

ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಬ್ರೌನ್ ಪ್ರಕರಣ ಎಂದೇ ಹೆಸರಾದ ಆ ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಹೆಸರಿನಿಂದ ಶುರುವಾಗುತ್ತದೆ. ಕೆನೆತ್ ಮತ್ತು ಅವರ ಪತ್ನಿ ಮೇಮಿ ಕ್ಲಾರ್ಕ್ ನಡೆಸಿದ ಗೊಂಬೆ ಪ್ರಯೋಗ ಲೋಕಪ್ರಸಿದ್ಧವಾದದ್ದು ಹೀಗೆ. ಪ್ರತ್ಯೇಕ ಶಾಲೆ ಕಪ್ಪು ಮಕ್ಕಳಲ್ಲಿ ಕೀಳರಿಮೆ ತುಂಬಿತು, ಗೊಂಬೆಗಳು ಅದನ್ನು ಬಯಲು ಮಾಡಿದವು, ನ್ಯಾಯಾಲಯ ಆ ಶಾಲೆಗಳಿಗೆ ತೆರೆ ಎಳೆಯಿತು ಎಂಬುದು ಸಾಮಾನ್ಯವಾಗಿ ಹೇಳಿಕೊಂಡು ಬಂದ ಕಥೆ. ತೀರ್ಪಿನ ನ್ಯಾಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕ್ಲಾರ್ಕ್ ದಂಪತಿ 1947ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ಓದಿದವರಿಗೆ ಈ ಕಥೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ.

ಪ್ರಯೋಗ ಸರಳವಾದದ್ದು. ಅಚ್ಚು ಒಂದೇ ಆದ ನಾಲ್ಕು ಗೊಂಬೆಗಳು. ಎರಡರ ಮೈ ಕಂದು, ಕೂದಲು ಕಪ್ಪು. ಇನ್ನೆರಡರ ಮೈ ಬಿಳಿ, ಕೂದಲು ಹಳದಿ. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರು: ಯಾವುದರ ಜತೆ ಆಡಲು ಇಷ್ಟ? ಯಾವುದು ಒಳ್ಳೆಯ ಗೊಂಬೆ? ಯಾವುದು ಕೆಟ್ಟದಾಗಿ ಕಾಣುತ್ತದೆ? ಕೊನೆಯ ಪ್ರಶ್ನೆ, ನಿನ್ನ ಹಾಗಿರುವ ಗೊಂಬೆ ಯಾವುದು? ಶೇ. 67 ಮಕ್ಕಳು ಆಟಕ್ಕೆ ಬಿಳಿ ಗೊಂಬೆಯನ್ನು ಎತ್ತಿಕೊಂಡರು. ಶೇ. 59 ಮಕ್ಕಳು ಕಂದು ಗೊಂಬೆ ಕೆಟ್ಟದಾಗಿದೆ ಎಂದರು. ತನ್ನ ಹಾಗಿದೆ ಎಂದು ಬಿಳಿ ಗೊಂಬೆಯನ್ನು ತೋರಿಸಿದವರು ಮೂರರಲ್ಲಿ ಒಂದು ಪಾಲು.

ಈ 253 ಮಕ್ಕಳಲ್ಲಿ 134 ಮಂದಿ ದಕ್ಷಿಣದ ಅರ್ಕಾನ್ಸಾ ರಾಜ್ಯದವರು. ಆಗ ಅಲ್ಲಿ ಶಾಲೆಗಳು ಕಾನೂನಿನಿಂದಲೇ ಪ್ರತ್ಯೇಕವಾಗಿದ್ದವು. ಅಲ್ಲಿ ಪ್ರಯೋಗ ನಡೆದ ಊರುಗಳಲ್ಲೊಂದಾದ ಹಾಟ್ ಸ್ಪ್ರಿಂಗ್ಸ್ ಮೇಮಿ ಹುಟ್ಟಿದ ಊರು. ಈ ಅಧ್ಯಯನದ ಬೇರು ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಆಕೆ ಬರೆದ ಸ್ನಾತಕೋತ್ತರ ಪ್ರಬಂಧದಲ್ಲಿದೆ.  ಉಳಿದ 119 ಮಕ್ಕಳು ಉತ್ತರದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ನಗರದವರು, ಬಿಳಿ ಮಕ್ಕಳ ಜತೆಯಲ್ಲೇ ಓದುತ್ತಿದ್ದವರು. ಪ್ರತ್ಯೇಕ ಶಾಲೆಯೊಂದೇ ರೋಗದ ಮೂಲವಾಗಿದ್ದರೆ ಸ್ಪ್ರಿಂಗ್‌ಫೀಲ್ಡಿನ ಮಕ್ಕಳ ಸ್ಥಿತಿ ವಾಸಿ ಇರಬೇಕಿತ್ತು. ಆದದ್ದು ತಿರುಗುಮುರುಗು. ಬಿಳಿ ಗೊಂಬೆಯ ಜತೆ ಆಡಬಯಸಿದವರು ದಕ್ಷಿಣದಲ್ಲಿ ಶೇ. 62, ಉತ್ತರದಲ್ಲಿ ಶೇ. 72. ಕಂದು ಗೊಂಬೆ ಕೆಟ್ಟದ್ದು ಎಂದವರು ದಕ್ಷಿಣದಲ್ಲಿ ಶೇ. 49, ಉತ್ತರದಲ್ಲಿ ಶೇ. 71. ಕೊನೆಯ ಪ್ರಶ್ನೆಗೆ ಉತ್ತರಿಸಲಾರದೆ ಅತ್ತು ಕೋಣೆಯಿಂದ ಓಡಿಹೋದ ಮಕ್ಕಳೂ ಇದ್ದರು. ಇಂಥ ತಳಮಳ ಉತ್ತರದ ಮಕ್ಕಳಲ್ಲೇ ಹೆಚ್ಚು ಎಂದು ಲೇಖಕರೇ ದಾಖಲಿಸಿದ್ದಾರೆ.

ಈ ಅಂಕಿಗಳು ಎದುರಾಳಿಗಳ ಕಣ್ಣಿಗೆ ಬೀಳದೆ ಇರಲಿಲ್ಲ. ಪ್ರತ್ಯೇಕ ಶಾಲೆಗಳ ಪರ ದಕ್ಷಿಣ ಕರೊಲಿನಾ ರಾಜ್ಯಕ್ಕಾಗಿ ವಾದಿಸಿದ ಹಿರಿಯ ವಕೀಲ ಜಾನ್ ಡೇವಿಸ್, 1953ರ ಡಿಸೆಂಬರಿನಲ್ಲಿ ಇವನ್ನೇ ನ್ಯಾಯಾಲಯದ ಮುಂದಿಟ್ಟು ಕ್ಲಾರ್ಕ್ ಅವರನ್ನು ಗೇಲಿ ಮಾಡಿದರು. ದಕ್ಷಿಣದ ಮಗು ಕಡಿಮೆ ಕಳವಳಪಡುವುದು ಆರೋಗ್ಯದ ಲಕ್ಷಣವಲ್ಲ, ತನ್ನ ಕೀಳು ಸ್ಥಾನವನ್ನು ಅದು ಸಹಜವೆಂದು ಒಪ್ಪಿಕೊಂಡುಬಿಟ್ಟಿದೆ ಎಂಬುದು ಕ್ಲಾರ್ಕ್ ಕೊಟ್ಟ ವಿವರಣೆ. ಇರಬಹುದು. ಆದರೆ ಮಗು ಅತ್ತರೂ ಗಾಯ, ಅಳದಿದ್ದರೂ ಗಾಯ ಎಂದಾದರೆ ಪ್ರಯೋಗಕ್ಕೆ ಸೋಲೇ ಇಲ್ಲದಂತಾಗುತ್ತದೆ. ಈ ಮಾದರಿಯ ಅಧ್ಯಯನಗಳನ್ನೆಲ್ಲ 1976ರಲ್ಲಿ ಮತ್ತೆ ಪರಿಶೀಲಿಸಿದ ಮನಶ್ಶಾಸ್ತ್ರಜ್ಞ ಕರ್ಟಿಸ್ ಬ್ಯಾಂಕ್ಸ್, ಅವುಗಳಲ್ಲಿ ಬಹುಪಾಲು ಆಯ್ಕೆಗಳು ಆಕಸ್ಮಿಕಕ್ಕಿಂತ ಸ್ಪಷ್ಟವಾಗಿ ಬೇರೆಯಲ್ಲ ಎಂದು ವಾದಿಸಿದರು. ಎರಡರಲ್ಲಿ ಒಂದನ್ನು ತೋರಿಸು ಎಂದು ಕೇಳಿದಾಗ ಎರಡೂ ಇಷ್ಟ ಎನ್ನಲು ಮಗುವಿಗೆ ದಾರಿಯಿಲ್ಲ ಎಂಬುದೂ ನೆನಪಿರಬೇಕು.

ಹಾಗೆಂದು ಉತ್ತರದ ಅಂಕಿಗಳನ್ನು ಕೈಬಿಡಬೇಕಿಲ್ಲ. ಡೇವಿಸ್ ಓದಿದ್ದಕ್ಕಿಂತ ಬೇರೆ ಓದು ಅವಕ್ಕೆ ಇದೆ. ಒಂದೇ ಕೋಣೆಯಲ್ಲಿ ಕೂತ ಕಪ್ಪು ಮಗು, ಯಾರ ಮಾತಿಗೆ ಬೆಲೆ, ಯಾರ ತಪ್ಪಿಗೆ ನಗು ಎಂಬುದನ್ನು ದಿನವೂ ಹತ್ತಿರದಿಂದ ನೋಡುತ್ತದೆ. ದೂರದಲ್ಲಿದ್ದಾಗ ಕೇಳಿ ತಿಳಿದ ತಾರತಮ್ಯ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಒಟ್ಟಿಗೆ ಕೂರಿಸುವುದು ಅಗತ್ಯ, ಆದರೆ ಸಾಲದು ಎಂಬುದೇ ಸ್ಪ್ರಿಂಗ್‌ಫೀಲ್ಡಿನ ಸಾಕ್ಷ್ಯ ಎಂದು ನನ್ನ ಅಭಿಪ್ರಾಯ.

ಭೇದವನ್ನು ಕಾಣುವುದಕ್ಕೂ ಮೇಲುಕೀಳು ಎಣಿಸುವುದಕ್ಕೂ ನಡುವೆ ಗೆರೆ ಎಳೆಯಲು ಮುಂದಿನ ಸಂಶೋಧನೆ ನೆರವಾಗುತ್ತದೆ. ನವಜಾತ ಶಿಶು ಯಾವ ಬಣ್ಣದ ಮುಖವನ್ನೂ ಹೆಚ್ಚು ಹೊತ್ತು ನೋಡುವುದಿಲ್ಲ. ಮೂರು ತಿಂಗಳಿಗೆ ತನ್ನ ಸುತ್ತಲಿನವರ ಬಣ್ಣದ ಮುಖದತ್ತ ವಾಲುತ್ತದೆ. ಇದು ಬ್ರಿಟನ್ನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ. ಮರುವರ್ಷ ಇಸ್ರೇಲಿನ ಸಂಶೋಧಕರು, ಎರಡೂ ಬಣ್ಣದವರನ್ನು ನೋಡುತ್ತ ವಲಸಿಗರ ಕೇಂದ್ರಗಳಲ್ಲಿ ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಶಿಶುಗಳಲ್ಲಿ ಆ ವಾಲಿಕೆ ಇಲ್ಲವೆಂದು ಕಂಡುಕೊಂಡರು. ಇದು ಕಣ್ಣಿನ ರೂಢಿ ಅಷ್ಟೇ, ಪೂರ್ವಗ್ರಹವಲ್ಲ. ಕೆಟ್ಟದ್ದು ಎಂಬ ಹಣೆಪಟ್ಟಿ ಹಚ್ಚುವುದನ್ನು ಮಗು ಹಿರಿಯರಿಂದ ಕಲಿಯುತ್ತದೆ, ಅವರು ಬಾಯಿಬಿಟ್ಟು ಹೇಳದಿದ್ದರೂ.

ಹಾಗಾದರೆ ಮಕ್ಕಳನ್ನು ಒಟ್ಟಿಗೆ ಹೇಗೆ ಕೂರಿಸಬೇಕು ಎಂಬ ಪ್ರಶ್ನೆಗೆ ಬ್ರೌನ್ ತೀರ್ಪಿನ ವರ್ಷವೇ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಉತ್ತರ ಬರೆದಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ. ಅದನ್ನು ತರಗತಿಗೆ ಇಳಿಸಿದವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಹೊಸದಾಗಿ ಕೂಡಿಸಿದ ಶಾಲೆಗಳಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳ ನಡುವೆ ಹೊಡೆದಾಟ ಎದ್ದಿತ್ತು. ಮೊದಲು ನಾನು ಹೇಳಬೇಕು ಎಂದು ಕೈ ಎತ್ತುವ ಪೈಪೋಟಿಯೇ ಬೆಂಕಿಗೆ ತುಪ್ಪ ಎಂದು ಆರನ್ಸನ್ ಗುರುತಿಸಿದರು. ಐದಾರು ಮಕ್ಕಳ ಮಿಶ್ರ ಗುಂಪು ಮಾಡಿ, ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಇಡೀ ಪಾಠದ ಮೇಲೆ. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗನನ್ನು ಹಂಗಿಸಿದರೆ ಅವನ ಬಳಿಯಿರುವ ಭಾಗ ಸಿಗುವುದಿಲ್ಲ. ತಾಳ್ಮೆಯಿಂದ ಕೇಳಿ ಹೊರತೆಗೆಯಬೇಕು. ಕೆಲವು ವಾರಗಳಲ್ಲಿ ಮಕ್ಕಳ ನಡುವಿನ ಒಲವು ಹೆಚ್ಚಿತು, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳ ಅಂಕಗಳೂ ಏರಿದವು. ಬಿಳಿ ಮಕ್ಕಳ ಅಂಕ ಇಳಿಯಲಿಲ್ಲ. ಅಲ್ಲಿ ಯಾರೂ ಸೌಹಾರ್ದದ ಉಪನ್ಯಾಸ ಕೊಟ್ಟಿರಲಿಲ್ಲ ಎಂಬುದು ಮುಖ್ಯ.

ನಮ್ಮ ನೆಲಕ್ಕೂ ಈ ವಿಷಯದ ಎಳೆ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿಗಳು ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡುವ ಆಫ್ರಿಕಾ ಮೂಲದ ಜನ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕಳಿಸಿತು. ಆಫ್ರಿಕಾ ಮೂಲದವರು ಹುಟ್ಟಾ ಓಟಗಾರರು ಎಂಬ ಎಣಿಕೆ ಅದರ ಹಿಂದಿತ್ತು. ಕೆಲವರಿಗೆ ಅದರಿಂದ ಪದಕ, ಉದ್ಯೋಗ ದೊರೆತದ್ದು ನಿಜ. ಯೋಜನೆ ಮುಂದೆ ನಿಂತುಹೋದಾಗ ನಡುದಾರಿಯಲ್ಲಿ ಉಳಿದವರೂ ಇದ್ದಾರೆ. ಆ ಯೋಜನೆಯಲ್ಲಿ ಯಾರೂ ಸಿದ್ದಿ ಮಗುವನ್ನು ಕೀಳು ಎನ್ನಲಿಲ್ಲ, ಹೊಗಳಿದರು. ಹೊಗಳಿದ್ದು ಮಾತ್ರ ಮೈಕಟ್ಟನ್ನು. ಲೆಕ್ಕದಲ್ಲಿ ಚುರುಕಾದ, ಓಡಲು ಮನಸ್ಸಿಲ್ಲದ ಸಿದ್ದಿ ಹುಡುಗಿಗೆ ಆ ಹೊಗಳಿಕೆಯಲ್ಲಿ ಜಾಗವಿರಲಿಲ್ಲ. ಆಲ್‌ಪೋರ್ಟ್ ಹೇಳಿದ ಸಮಾನ ಸ್ಥಾನದ ಒರೆಗಲ್ಲಿಗೆ ತಿಕ್ಕಿದರೆ, ಭಿನ್ನತೆಯನ್ನು ಮೆಚ್ಚುವ ಇಂಥ ಯೋಜನೆಗಳೂ ಸ್ಪ್ರಿಂಗ್‌ಫೀಲ್ಡಿನ ತರಗತಿಯ ಸಾಲಿಗೇ ಸೇರುತ್ತವೆ.