ವಾಹನದೀಪದ ಗೀರು ಮತ್ತು ಗರಗತ್ತಿಯ ಎಲೆ

ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಪೋಣಿಸುವ ಹೆದ್ದಾರಿಯಲ್ಲಿ ಮಳೆಗಾಲದ ಇರುಳು ಮಬ್ಬು ದೀಪದ ಕಾರು ಅಪಾಯಕಾರಿಯೇ ಸರಿ. ಗಾಜಿನ ದೀಪಗಳ ಕಾಲದಲ್ಲಿ ಈ ತೊಡಕು ವಿರಳ. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಶೋಧಿಸಿದ ಪಾಲಿಕಾರ್ಬೊನೇಟ್, 1980ರ ದಶಕದಿಂದ ಕ್ರಮೇಣ ಗಾಜಿನ ಸ್ಥಾನವನ್ನು ಪಡೆಯಿತು. ಅದು ಹಗುರ, ಸುಲಭವಾಗಿ ಒಡೆಯದು. ಆದರೆ ಮೃದು, ಬಿಸಿಲಿಗೆ ಹಳದಿಯಾಗತಕ್ಕದ್ದು.

ಗೀರನ್ನು ‘ತೆಗೆಯುವುದು’ ಎಂಬ ಮಾತೇ ಅಷ್ಟು ಸರಿಯಲ್ಲ; ಸುತ್ತಲಿನ ಮೈಯನ್ನು ಗೀರಿನ ಆಳಕ್ಕೆ ಇಳಿಸುವುದೇ ನಡೆಯುವ ಕೆಲಸ. ಒರಟು ಕಾಗದದಿಂದ ತೊಡಗಿ ನಯವಾದುದರವರೆಗೆ ನೀರೆರೆದು ಉಜ್ಜುವರು. ಉಜ್ಜುವ ವಿದ್ಯೆ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಈ ಸೀಮೆಗೆ ಹೊಸತಲ್ಲ. ಮರವನ್ನೂ ದಂತವನ್ನೂ ಗರಗತ್ತಿಯ ಒರಟು ಎಲೆಯಿಂದ ನಯಗೊಳಿಸುವುದು ಹಳೆಯ ರೂಢಿ. ವ್ಯತ್ಯಾಸವೊಂದುಂಟು: ಪ್ಲಾಸ್ಟಿಕ್ಕಿನಲ್ಲಿ ಗೀರಿನೊಡನೆ ನೇರಳಾತೀತ ಕಿರಣವನ್ನು ತಡೆಯುವ ಲೇಪವೂ ಹೋಗುತ್ತದೆ. ಅದನ್ನು ಮತ್ತೆ ಬಳಿಯದಿದ್ದರೆ ಮಬ್ಬು ಬೇಗನೆ ಮರಳುವುದು.