ಹೆಗಲ ನೆರೆಯ ಉಸಿರು

ಇಳಕಲ್ ದಾಟಿ ಕುಷ್ಟಗಿಯ ದಾರಿ ಹಿಡಿದರೆ ಒಂದು ಕಾಲಕ್ಕೆ ಅದು ನಿಜಾಮರ ಸೀಮೆ. ಈಚೆಗಿನ ಹುನಗುಂದ, ಬಾಗಲಕೋಟೆ, ಬಾದಾಮಿಗಳು ಬ್ರಿಟಿಷರ ಕಲಾದಗಿ ಜಿಲ್ಲೆಗೆ ಸೇರಿದ್ದವು. ಆಗ ಆಪರೇಷನ್ನಿಗೆ ಮುಂಚೆ ರೋಗಿಗೆ ಮೂಸಿಸುತ್ತಿದ್ದದ್ದು ಕ್ಲೋರೋಫಾರ್ಮ್. ಅದರಿಂದ ಆಗಾಗ ಸಾವೂ ಸಂಭವಿಸುತ್ತಿತ್ತು. ನಾಡಿಯ ಮೇಲೆ ಬೆರಳಿಡಿ, ಮೊದಲು ಸೋಲುವುದು ಹೃದಯ ಎಂದು ಲಂಡನ್ನಿನ ಪಂಗಡ ಹೇಳುತ್ತಿತ್ತು. ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಒಪ್ಪಲಿಲ್ಲ. ಮೊದಲು ನಿಲ್ಲುವುದು ಉಸಿರು, ಅದನ್ನೇ ನೋಡಿ ಎಂಬುದು ಅವರ ಹಟ.

ಹಟ ತೀರಿಸಿಕೊಳ್ಳಲು 1888 ಮತ್ತು 1889ರಲ್ಲಿ ಎರಡು ಆಯೋಗಗಳೇ ಕೂತವು. ‘ಲ್ಯಾನ್ಸೆಟ್’ ಪತ್ರಿಕೆ ತನ್ನ ಕಡೆಯಿಂದ ಲಾಡರ್ ಬ್ರಂಟನ್ನರನ್ನು ಕಳಿಸಿತು. ಖರ್ಚಿಗೆ ನಿಜಾಮ ಮಹಬೂಬ್ ಅಲಿ ಖಾನರು 1,000 ಪೌಂಡ್ ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ತೀರ್ಪು ಲಾರಿಯವರ ಕಡೆಗೇ ಬಂತು. ಆ ಶಾಲೆಯಲ್ಲೇ ಕಲಿತ ರೂಪಾ ಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಎಣಿಸುತ್ತಾರೆ. ತೀರ್ಪು ಮಾತ್ರ ಉಳಿಯಲಿಲ್ಲ. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದು ಎಂದು 1911ರಲ್ಲಿ ಲೀವಿ ಎಂಬ ಸಂಶೋಧಕರು ತೋರಿಸಿಕೊಟ್ಟರು. ಲಾರಿ ಅರ್ಧ ಸೋತರು. ಆದರೆ ಉಸಿರಿನ ಮೇಲೆ ಕಣ್ಣಿಡುವ ಅವರ ಪಾಠ ಹೆಗಲ ಚಿಕಿತ್ಸೆಯ ಮಟ್ಟಿಗೆ ನೂರು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಬಂತು.

ಗಡಿಯ ಈಚೆಗೆ ಅಷ್ಟು ಗದ್ದಲವಿರಲಿಲ್ಲ. 1884ರಲ್ಲಿ ಹೋಟಗಿ–ಗದಗ ರೈಲು ಬಾಗಲಕೋಟೆ, ಬಾದಾಮಿಗಳ ಮೇಲೆ ಓಡಿತು. ಮರುವರ್ಷ ಕಲಾದಗಿಯ ಜಿಲ್ಲಾ ಕಚೇರಿ ಗಂಟುಮೂಟೆ ಕಟ್ಟಿ ವಿಜಯಪುರಕ್ಕೆ ಹೋಯಿತು. ದೊಡ್ಡ ಆಪರೇಷನ್ ಎಂದರೆ ಈ ಸೀಮೆಯ ಜನ ಮಿರಜದತ್ತ ನೋಡುತ್ತಿದ್ದರು. ಅಲ್ಲಿ 1894ರಲ್ಲಿ ವಿಲಿಯಂ ವಾನ್ಲೆಸ್‌ರ ಮಿಷನ್ ಆಸ್ಪತ್ರೆ ತೆರೆದಿತ್ತು. ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ, ಬಾಗಲಕೋಟೆಗೆ 2002ರಲ್ಲಿ. ಹೆಗಲು ಜಾರಿದರೆ ಮಾತ್ರ ಊರಲ್ಲೇ ಎಲುಬು ಕೂಡಿಸುವವರಿದ್ದರು.

ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ 18 ಕೈಗಳು, ಹೆಗಲಿಗೆ ಒಂಬತ್ತರಂತೆ. ಮನುಷ್ಯರಿಗೆ ಒಂದೇ ಭಾರ. ಕುಣಿಮಗ್ಗದಲ್ಲಿ ಕೂತು ದಿನವಿಡೀ ಲಾಳಿ ಓಡಿಸುವ ಇಳಕಲ್ಲಿನ ನೇಕಾರನಿಗೂ, ಗಣಿಯಲ್ಲಿ ಕೆಂಪು ಗ್ರಾನೈಟ್ ಒಡೆಯುವವನಿಗೂ ದುಡಿಮೆ ಎಂದರೆ ತೋಳು. ಆ ತೋಳನ್ನು ಎತ್ತುವ ಸ್ನಾಯುಗಳು ಹರಿದರೆ ಹಿಂದೆಲ್ಲ ಹೆಗಲನ್ನು ಅಗಲವಾಗಿ ಕೊಯ್ದು ಹೊಲಿಯಬೇಕಿತ್ತು.

ಅಗಲ ಕೊಯ್ಯದೆ ಸಣ್ಣ ತೂತಿನಿಂದಲೇ ಕೀಲಿನೊಳಗೆ ನೋಡುವ ಕಥೆ ಜಪಾನಿನಲ್ಲಿ ಶುರುವಾಗುತ್ತದೆ. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ದುರ್ಬೀನನ್ನು ಶವವೊಂದರ ಮೊಣಕಾಲಿಗೆ ತೂರಿಸಿ ಒಳಗೆ ಇಣುಕಿದರು. 1931ರಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಹೆಗಲ ಕೀಲನ್ನೂ ಹಾಗೆ ನೋಡಿದರು. ಜೀವಂತ ಹೆಗಲಿಗೆ ಅದು ರೂಢಿಯಾದದ್ದು 1980ರ ದಶಕದಲ್ಲಿ. ಗಾಯ ಸಣ್ಣದಾಯಿತು, ನೋವೂ ಇಳಿಯಿತು. ಹಾಗೆಂದು ಅಪಾಯ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ: ಹೆಗಲಿಂದ ಕೊರಳಿಗೆ, ಎದೆಗೆ.

ಕಣ್ಣಿಗೆ ಕೀಲು ಸ್ಪಷ್ಟವಾಗಿ ಕಾಣಬೇಕಾದರೆ ಒಳಗೆ ಲೀಟರುಗಟ್ಟಲೆ ಸಲೈನ್ ಹರಿಸಬೇಕು. ಮೊಣಕಾಲಲ್ಲಿ ಸೋರಿದ ನೀರು ಕಾಲಲ್ಲೇ ನಿಲ್ಲುತ್ತದೆ. ಹೆಗಲಲ್ಲಿ ಸೋರಿದ್ದು ಮಾಂಸಖಂಡಗಳ ಸಂದಿನಲ್ಲಿ ಹರಿದು ಕೊರಳಿಗೆ ಏರಬಲ್ಲದು; ಕೊರಳು ಬಾತು ಗಂಟಲ ದಾರಿ ಕಿರಿದಾಗಬಲ್ಲದು. ಆಪರೇಷನ್ ನಡೆಯುತ್ತಿರುವಾಗಲೇ ಉಸಿರಿನ ದಾರಿ ಪೂರ್ತಿ ಮುಚ್ಚಿದ ಪ್ರಕರಣ 1993ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಯಿತು. ಅದಕ್ಕೂ ಒಂದು ವರ್ಷ ಹಿಂದೆ ಇನ್ನೊಂದು ವರದಿ: ಇಂಥದೇ ಚಿಕಿತ್ಸೆಯ ನಂತರ ಚರ್ಮದಡಿ ಗಾಳಿ ತುಂಬಿ, ಎದೆಗೂಡಿಗೂ ಗಾಳಿ ಹೊಕ್ಕು, ಪುಪ್ಪುಸ ಕುಸಿಯುವಷ್ಟು ಒತ್ತಡ ಬಿದ್ದದ್ದು. ಎರಡೂ ಅಪರೂಪ.

ಮೂರನೆಯ ಅಪಾಯ ಅಪರೂಪವಲ್ಲ, ಸುಮ್ಮನೆ ಕಣ್ಣಿಗೆ ಬೀಳದೆ ಉಳಿದಿತ್ತು. 1970ರಲ್ಲಿ ಅಲನ್ ವಿನ್ನಿ ಕೊರಳ ಪಕ್ಕದ ಎರಡು ಸ್ನಾಯುಗಳ ನಡುವೆ ಇಂಜೆಕ್ಷನ್ ಕೊಟ್ಟು ತೋಳನ್ನಷ್ಟೇ ಜೋಮು ಹಿಡಿಸುವ ವಿಧಾನವನ್ನು ವಿವರಿಸಿದ್ದರು. ಹೆಗಲಿಗೆ ಅದಕ್ಕಿಂತ ಹೊಂದುವ ಮದ್ದಿಲ್ಲ ಎನ್ನುವಷ್ಟು ಅದು ಬಳಕೆಗೆ ಬಂತು. ಆದರೆ ಅಲ್ಲೇ ಮಗ್ಗುಲಲ್ಲಿ ವಪೆಯ ನರ ಇಳಿದುಹೋಗುತ್ತದೆ. ಎದೆ ಹೊಟ್ಟೆಗಳ ನಡುವಿನ ಈ ವಪೆಯೇ ಉಸಿರೆಳೆಯುವ ಮುಖ್ಯ ಸ್ನಾಯು. 1991ರಲ್ಲಿ ಅಮೆರಿಕದ ವಿಲಿಯಂ ಅರ್ಮಿ ಮತ್ತು ಸಂಗಡಿಗರು ಇಂಜೆಕ್ಷನ್ ಪಡೆದ 13 ಜನರನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. 13 ಮಂದಿಗೂ ಆ ಬದಿಯ ವಪೆ ತಾತ್ಕಾಲಿಕವಾಗಿ ಸೋತಿತ್ತು! ಇಪ್ಪತ್ತು ವರ್ಷ ಯಾರಿಗೂ ಇದು ದೊಡ್ಡ ತೊಂದರೆ ಎನಿಸದಿದ್ದುದಕ್ಕೆ ಕಾರಣ ಸರಳ: ಗಟ್ಟಿಮುಟ್ಟಾದವರಿಗೆ ಇನ್ನೊಂದು ಬದಿ ಸಾಕಾಗುತ್ತದೆ.

ಸಾಕಾಗದವರೂ ಇದ್ದಾರೆ. ವರ್ಷಾನುಗಟ್ಟಲೆ ಕಲ್ಲುಧೂಳು ಕುಡಿದ ಗಣಿ ಕಾರ್ಮಿಕನಿಗೆ ಸಿಲಿಕೋಸಿಸ್ ಇದ್ದರೆ, ಬೀಡಿ ಸೇದಿ ದಮ್ಮು ಹಿಡಿದವನಾಗಿದ್ದರೆ, ಇರುವ ಉಸಿರೇ ಅಳೆದು ಸುರಿದಂತಿರುತ್ತದೆ. ಹಾಗಾಗಿ ಈಗ ಅಲ್ಟ್ರಾಸೌಂಡ್‌ನಲ್ಲಿ ನರವನ್ನು ನೋಡಿಕೊಂಡೇ ಸೂಜಿ ಇಳಿಸುತ್ತಾರೆ. ಮದ್ದನ್ನು 20 ಮಿಲಿಲೀಟರಿನಿಂದ 5ಕ್ಕೆ ಇಳಿಸಿದಾಗ ವಪೆ ಸೋಲುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ ಎಂದು 2008ರ ಅಧ್ಯಯನವೊಂದು ತೋರಿಸಿತು. ಪುಪ್ಪುಸ ತೀರ ದುರ್ಬಲವಾಗಿದ್ದರೆ ಕೊರಳನ್ನು ಬಿಟ್ಟು ಹೆಗಲ ಹಲಗೆಯ ಮೇಲಿನ ನರಕ್ಕಷ್ಟೇ ಮದ್ದು ಕೊಡುವುದುಂಟು. ಆಪರೇಷನ್ ಮುಗಿದ ಮೇಲೆ ಕೊರಳು ಮುಟ್ಟಿ ಬಾವು ನೋಡಿ, ಅನುಮಾನ ಬಂದರೆ ಉಸಿರಿನ ಕೊಳವೆಯನ್ನು ತಕ್ಷಣ ತೆಗೆಯದೆ ಬಾವು ಇಳಿಯುವವರೆಗೆ ಕಾಯುತ್ತಾರೆ; ಆ ನೀರನ್ನು ದೇಹ ಸಾಮಾನ್ಯವಾಗಿ ಕೆಲವು ತಾಸುಗಳಲ್ಲಿ ತಾನೇ ಹೀರಿಕೊಳ್ಳುತ್ತದೆ.