ಓಡಿಸಿ ನೋಡಿದ ಲೆಕ್ಕ

ವಿದ್ಯುತ್ ಕಾರು ನಮ್ಮ ನಾಡಿಗೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾದಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ಅವುಗಳ ಯೋಗಕ್ಷೇಮಕ್ಕೆ ಒಂದು ಗಣಕವೂ ಇತ್ತು. ಇಂದಿನ ಕಾರುಗಳಲ್ಲಿ ಲಿಥಿಯಂ ಕೋಶಗಳ ದೊಡ್ಡ ಸಾಲೇ ಇದೆ. ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಪುಟ್ಟ ಸಾಧನವೊಂದನ್ನು ಸಿಕ್ಕಿಸಿದರೆ ಅಂಕಿಗಳು ಫೋನಿನಲ್ಲಿ ಮೂಡುತ್ತವೆ. ಅವನ್ನು ಓದುವುದು ಬೇರೆಯೇ ವಿದ್ಯೆ.

ದಾವಣಗೆರೆಯಲ್ಲಿ ನಾನು ಕೊಳ್ಳಹೊರಟಿದ್ದ ಹಳೆಯ ಕಾರು ನಿಂತಿದ್ದಾಗ ಕೋಶಗಳೆಲ್ಲ 3.8 ವೋಲ್ಟು ತೋರಿಸಿದವು. ಜೊತೆಗಿದ್ದ ಹಿರಿಯರು ಹರಿಹರದವರು. 1941ರಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತು ಪರೀಕ್ಷಿಸುತ್ತಿದ್ದವರು. "ಖಾಲಿ ತಿರುಗೋ ಲೇತು ಗುಟ್ಟು ಬಿಡೋದಿಲ್ಲ ಸ್ವಾಮಿ, ಕಬ್ಬಿಣ ಕಚ್ಚಿಸಿ ನೋಡ್ಬೇಕು" ಎಂದರು. ಹರಿಹರದ ದಾರಿಯಲ್ಲಿ ವೇಗ ಹೆಚ್ಚಿಸಿದೆವು. ಉಳಿದವು ತುಸು ಇಳಿದವು. ಒಂದು ಕೋಶ ಮಾತ್ರ 3.3ಕ್ಕೆ ಕುಸಿಯಿತು. ಕೊಳ್ಳುವ ಮಾತು ಅಲ್ಲಿಗೇ ನಿಂತಿತು.